ಗುಳಿಗೆಯ ಮೇಲಿಟ್ಟ ಆಣೆ

ಕಾಕಾ,

ನಿನ್ನ ಗಂಗು ಬರೆಯುತ್ತಿದ್ದೇನೆ. ಹಾಸ್ಟೆಲಿನಿಂದ ಫೋನ್ ಮಾಡಿದಾಗ ಜ್ವರ ಬಂದಿದ್ದರೂ ಮೊದಲ ಮಾತು ‘ಆರಾಮ’ ಅಂತಲೇ ಇರಬೇಕು, ಇಲ್ಲದಿದ್ದರೆ ಕಾಕಿ ಊಟ ಬಿಡುತ್ತಾಳೆ ಅನ್ನುತ್ತಿದ್ದಿ. ಈ ಸಲ ಆ ಮಾತು ಬರೆಯಲು ಕೈ ಬರುತ್ತಿಲ್ಲ. ಕಾಕಿಯ ಕಾಲು ಬಾತಿವೆ. ಹಿತ್ತಲಿನಿಂದ ಪಡಸಾಲೆಗೆ ಬರುವಷ್ಟರಲ್ಲಿ ನಡುವೆ ಒಮ್ಮೆ ಗೋಡೆ ಹಿಡಿದು ನಿಲ್ಲುತ್ತಾಳೆ. ಹಾವೇರಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಹೃದಯ ಸೋತಿದೆ, ದಿನಾ ಗುಳಿಗೆ ನುಂಗಲೇಬೇಕು ಅಂದರು ಡಾಕ್ಟರು. ಅದೇ ಗುಳಿಗೆ ಕಾಕಾ, ನಿನಗೆ ಕೊಟ್ಟಿದ್ದೇ. ಪಾಕೀಟು ಗೋಡೆಯ ಗೂಡಿನಲ್ಲಿ, ದೇವರ ಮಾಡದಲ್ಲಿ ಹಾಗೇ ಕುಳಿತಿದೆ, ಒಂದನ್ನೂ ಒಡೆದಿಲ್ಲ. ಯಾಕೆ ಅಂದರೆ ನಿನ್ನ ಆಣೆ. ಸಾಯುವ ಮುಂಚೆ ಅವಳ ಕೈ ಹಿಡಿದು ಹಾಕಿ ಹೋದಿಯಲ್ಲ, ಆ ಆಣೆ. ಹಾಕಿದವರೇ ಬಿಡಿಸಬೇಕು, ಬೇರೆ ಯಾರು ಏನು ಹೇಳಿದರೂ ಅದು ಬಿಡುವುದಿಲ್ಲ ಅನ್ನುತ್ತಾಳೆ. ಹಾಕಿದವನನ್ನು ನಾವು ಹೊಲದಲ್ಲಿ ಮಣ್ಣು ಮಾಡಿ ಬಂದಿದ್ದೇವೆ. ನಾನೀಗ ಯಾರ ಹತ್ತಿರ ಹೋಗಲಿ? ಅದಕ್ಕೇ ನಿನಗೇ ಬರೆಯುತ್ತಿದ್ದೇನೆ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಓದುತ್ತ ಮುಖ ಗಂಟು ಹಾಕಿಕೊಳ್ಳಬೇಡ.

ನೀನು ನನ್ನನ್ನು ಬ್ಯಾಡಗಿಯಿಂದ ಎತ್ತಿಕೊಂಡು ಬಂದ ದಿನ ಮಸುಕಾಗಿ ನೆನಪಿದೆ. ಮೆಣಸಿನಕಾಯಿ ಸುಗ್ಗಿ. ಅಪ್ಪನ ಅಂಗಡಿ ಪೇಟೆಯಲ್ಲೇ, ನಮ್ಮ ಮನೆ ಅಂಗಡಿಯ ಹಿಂದೆಯೇ. ಚೀಲ ಸುರಿದರೆ ಸಾಕು, ಘಾಟು ಒಳಗಿನ ಕೋಣೆಯವರೆಗೂ ಬರುತ್ತಿತ್ತು. ಓಣಿಯ ಉಳಿದ ಮಕ್ಕಳು ಆ ಘಾಟಿನಲ್ಲೇ ಆಡಿ ಬೆಳೆದವು. ನನಗೊಬ್ಬಳಿಗೇ ಎದೆ ಕಟ್ಟಿ ಸಿಳ್ಳು ಹೊಡೆಯುತ್ತಿತ್ತು. ನಿನ್ನ ಅಣ್ಣ, ದೊಡ್ಡವಳಾದರೆ ತಾನೇ ಸರಿಹೋಗುತ್ತದೆ ಅಂತ ಕೈಕಟ್ಟಿ ಕುಳಿತಿದ್ದ. ನೀನು ಬಂದವನು ಚಹಾನೂ ಕುಡಿಯಲಿಲ್ಲವಂತೆ. “ಇನ್ನೊಂದು ಸುಗ್ಗಿ ಇಲ್ಲೇ ಇಟ್ಕೊಂಡ್ರ ಹುಡುಗಿ ಉಳಿಯೂದಿಲ್ಲ. ನಾ ಒಯ್ತೇನಿ” ಅಂದು ನನ್ನ ಅರಿವೆಗಳನ್ನು ಒಂದು ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿಸಿದಿ. ನಿನಗೂ ಕಾಕಿಗೂ ಮಕ್ಕಳಿರಲಿಲ್ಲ. ಅವ್ವ ಅತ್ತಳು, ಆದರೆ ತಡೆಯಲಿಲ್ಲ. ನಿಮ್ಮೂರು ಅಗಡಿಗೆ ಬಂದ ಮೇಲೂ ಮೋಡ ಕವಿದ ದಿನ ಎದೆ ಕಟ್ಟುತ್ತಿತ್ತು. ಡಾಕ್ಟರು ಕೊಟ್ಟ ದಮ್ಮಿನ ಗುಳಿಗೆ ವಿಪರೀತ ಕಹಿ. ನೀನು ಅದನ್ನು ಬೆಲ್ಲದಲ್ಲಿ ಮುಚ್ಚಿ ಬಾಯಿಗಿಟ್ಟು, ಆಮೇಲೆ ನನ್ನ ಬೆನ್ನಿಗೆ ಕಿವಿ ಹಚ್ಚಿ ಕುಳಿತಿರುತ್ತಿದ್ದಿ. ಸಿಳ್ಳು ಕಡಿಮೆಯಾದರೆ “ಹಾಂ, ತೆರೀತು ನೋಡು” ಅಂತ ಕಾಕಿಯನ್ನು ಕರೆಯುತ್ತಿದ್ದಿ. ಅವಳು ಒಲೆ ಬಿಟ್ಟು ಬಂದು ತಾನೂ ಕಿವಿ ಹಚ್ಚುತ್ತಿದ್ದಳು.

ಮಲ್ಲನನ್ನು ನೀನು ಕೊಂಡು ತಂದಾಗ ಅವನಿನ್ನೂ ಎಳೆಗರು. ಅವನು ದೊಡ್ಡ ಹೋರಿಯಾದ ಮೇಲೆ ನಮ್ಮ ಮನೆಯ ಗುರುತೇ ಬದಲಾಯಿತು, ‘ಮಲ್ಲನ ಮನೆ’ ಅಂತ. ದೀಪಾವಳಿ ಹೋರಿ ಹಬ್ಬಕ್ಕೆ ಕೊರಳಲ್ಲಿ ಕೊಬ್ಬರಿ ಹಾರ ಕಟ್ಟಿ, ಬೆನ್ನಿಗೆ ಝೂಲ ಹೊದಿಸಿ ಓಡಲು ಬಿಟ್ಟರೆ, ಕೊಬ್ಬರಿ ಹರಿಯಲು ಬರುವ ಕೈಗಳನ್ನೆಲ್ಲ ತಪ್ಪಿಸಿಕೊಂಡು ಹಾರದ ಸಮೇತ ಆ ಕಡೆ ಹೋಗಿ ನಿಲ್ಲುತ್ತಿದ್ದ. ಹಬ್ಬದ ಮುಂಚಿನ ಶನಿವಾರ ನೀನು ಕದರಮಂಡಲಗಿಗೆ ಹೋಗಿ ಹನುಮಪ್ಪನ ಕುಂಕುಮ ತಂದು ಅವನ ಹಣೆಗೆ ಹಚ್ಚುತ್ತಿದ್ದಿ. ಓಡಿ ಬಂದವನ ಎಡ ಮುಂಗಾಲ ಹಿಂದೆ ನನ್ನ ಅಂಗೈ ಒತ್ತಿ ಹಿಡಿದು, “ಬಡಿಯಾಕತ್ತೈತಿಲ್ಲ? ತಣ್ಣಗಾಗೂತನಾ ನೀರು ಕುಡಿಸಬಾರ್ದು” ಅನ್ನುತ್ತಿದ್ದಿ. ನನ್ನ ಅಂಗೈಗೆ ಮೊದಲು ತಾಗಿದ ಹೃದಯ ಅದು. ನಾನು ಮಾಡುವ ಕೆಲಸ ಅಲ್ಲಿಂದಲೇ ಶುರುವಾಯಿತು ಅಂದರೆ ನಿನಗೆ ಸಿಟ್ಟು ಬರುತ್ತದೇನೋ.

ಆ ದೀಪಾವಳಿ. ಅದಕ್ಕೂ ಮುಂಚೆ ಮಲ್ಲ ಕೆಮ್ಮುತ್ತಿದ್ದ. ನೀನು ಗೋಣಿಚೀಲ ಹೊದಿಸಿ, ಕೊಟ್ಟಿಗೆಯ ಮೂಲೆಗೆ ಕಟ್ಟಿದ್ದಿ. ದನದ ಡಾಕ್ಟರು ಈ ಸಲ ಓಡಿಸಬೇಡ ಅಂದರಂತೆ. ಆದರೆ ಬ್ಯಾಡಗಿಯಿಂದ, ರಾಣೆಬೆನ್ನೂರಿನಿಂದ ಜನ ಮಲ್ಲನನ್ನು ನೋಡಲೆಂದೇ ಬರುವವರಿದ್ದರು. ಬೆಳಿಗ್ಗೆ ನೋಡಿದರೆ ಅವನು ಕೆಮ್ಮಲೇ ಇಲ್ಲ, ಆರಾಮಾಗಿದ್ದಾನೆ ಅಂದಿ. ಓಡಿದ. ಒಬ್ಬನ ಕೈಗೂ ಕೊಬ್ಬರಿ ಸಿಗಲಿಲ್ಲ. ಆ ಕಡೆ ಹೋಗಿ ನಿಂತವನು ಮೊದಲು ಮೊಣಕಾಲೂರಿದ, ಆಮೇಲೆ ಪಕ್ಕಕ್ಕೆ ಬಿದ್ದ. ನಾನು ಓಡಿ ಬಂದು ಅಂಗೈ ಇಟ್ಟೆ. ಬಡಿತ ಎಣಿಸಲಿಕ್ಕೇ ಬರುವ ಹಾಗಿರಲಿಲ್ಲ. ಆಮೇಲೆ ಅದು ಇರಲಿಲ್ಲ. ಏನಾಯಿತು ಕಾಕಾ ಅಂತ ಕೇಳಿದೆ. “ಗೊತ್ತಿಲ್ಲವ್ವಾ” ಅಂದಿ, ನನ್ನ ಮುಖ ನೋಡಲಿಲ್ಲ. ಹಗೆಯವರು ಯಾರೋ ವಿಷದ ಸೂಜಿ ಹಾಕಿದರು ಅಂತ ಊರು ಮಾತಾಡಿತು. ನೀನು ಹೌದೆನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಮತ್ತೆಂದೂ ಹೋರಿ ಕಟ್ಟಲಿಲ್ಲ.

ನಾನು ಔಷಧ ವಿಜ್ಞಾನ ಓದುತ್ತೇನೆ ಅಂದ ದಿನ ಓಣಿಗೆಲ್ಲ ಪೇಡೆ ಹಂಚಿಸಿದಿ. ಯಾಕೆ ಅದನ್ನೇ ಓದುತ್ತೀ ಅಂತ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಮಲ್ಲನ ಎದೆಯಲ್ಲಿ ಆ ದಿನ ಏನಾಯಿತು ಅಂತ ಯಾರೂ ನನಗೆ ಹೇಳಲಿಲ್ಲ, ಅದಕ್ಕೆ. ರಾಣೆಬೆನ್ನೂರಿನ ಹೊರಗೆ ಹೆದ್ದಾರಿಯ ಪಕ್ಕದ ಪರೀಕ್ಷಾ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಹೊಸದಾಗಿ ಮಾಡಿದ ಔಷಧ ಮನುಷ್ಯರಿಗೆ ಕೊಡುವ ಮುಂಚೆ ಹೃದಯಕ್ಕೆ, ಪುಪ್ಪುಸಕ್ಕೆ ಏನು ಮಾಡುತ್ತದೆ ಅಂತ ನೋಡುವ ಕೆಲಸ. “ನಮ್ಮ ಗಂಗವ್ವ ಗುಳಿಗಿ ಪರೀಕ್ಷಾ ಮಾಡ್ತಾಳ” ಅಂತ ಹೋಟೆಲಿನಲ್ಲಿ ಕುಳಿತು ಹೇಳಿಕೊಳ್ಳುತ್ತಿದ್ದಿ. ಜೋಳ ಕೊಳ್ಳುವವರು ಮುಷ್ಟಿ ತುಂಬ ಹಿಡಿದು ಪರೀಕ್ಷೆ ಮಾಡುತ್ತಾರಲ್ಲ, ನಾನೂ ಹಾಗೆ ಗುಳಿಗೆ ಹಿಡಿದು ನೋಡುತ್ತೇನೆ ಅಂತ ನಿನ್ನ ಎಣಿಕೆ. ಅದು ಹಾಗಲ್ಲ ಅಂತ ತಿದ್ದಲು ನನಗೆ ಬಾಯಿ ಬರಲಿಲ್ಲ. ಖುಷಿಯಾಗಿದ್ದಿ, ಇರಲಿ ಅಂತ ಬಿಟ್ಟೆ.

ಒಂದು ದಿನ ನೀನು ಹೇಳದೆ ಕೇಳದೆ ಬಂದಿ. ರಾಣೆಬೆನ್ನೂರಿನ ದನದ ಪೇಟೆಗೆ ಬಂದವನು ಹಾಗೇ ನನಗೆ ರೊಟ್ಟಿ ಕೊಟ್ಟು ಹೋಗೋಣ ಅಂತ ಗೇಟಿನ ಹತ್ತಿರ ನಿಂತಿದ್ದಿಯಂತೆ. ಹಿಂದಿನ ಕಟ್ಟಡದಲ್ಲಿ ನಾಯಿಗಳು ಬೊಗಳಿದವು. ಇಷ್ಟೊಂದು ನಾಯಿ ಯಾಕ್ರಿ ಅಂತ ಕಾವಲುಗಾರನನ್ನು ಕೇಳಿದಿ. ಅವನು ಪಾಪ, ಹೊಸ ಔಷಧ ಮೊದಲು ಅವಕ್ಕೆ ಕೊಟ್ಟು ನೋಡುತ್ತಾರೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿದ. ನಾನು ಹೊರಗೆ ಬರುವಷ್ಟರಲ್ಲಿ ನೀನಿರಲಿಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ ಅರಿವೆಯ ಗಂಟು ಅವನ ಕುರ್ಚಿಯ ಮೇಲಿತ್ತು. ನಿಮ್ಮ ಕಾಕಾ ಅಂತ, ಬಸ್ಸಿಗೆ ಹೊತ್ತಾತು ಅಂತ ಹೋದ್ರು ಅಂದ. ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಆ ದಿನ ಆ ಗಂಟು ಬಿಚ್ಚಲಿಲ್ಲ ಕಾಕಾ.

ಮುಂದಿನ ಭಾನುವಾರ ಅಗಡಿಗೆ ಬಂದಾಗ ನೀನು ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕುಳಿತಿದ್ದಿ. ಕಾಕಿ ಕಣ್ಣಲ್ಲೇ ಸುಮ್ಮನಿರು ಅಂದಳು. ಸುಮ್ಮನಿರುವುದು ನನಗೆಲ್ಲಿ ಬರುತ್ತದೆ, ನಿನ್ನ ಕೈಯಲ್ಲೇ ಬೆಳೆದವಳು ನಾನು. ಎದುರಿಗೆ ಹೋಗಿ ಕುಳಿತು, ಏನಿದೆಯೋ ಬೈದುಬಿಡು ಅಂದೆ. ನೀನು ಬೈಯಲಿಲ್ಲ.

“ನಮ್ಮ ಮಲ್ಲಗ ಸೂಜಿ ಹಾಕಿದ್ರು ಅಂತಾರಲ್ಲ ಮಂದಿ, ಅವರಿಗೂ ನಿನಗೂ ಏನ್ ಫರಕ್ ಐತಿ ಹೇಳು.”

ಅಷ್ಟೇ. ಹೇಳು ಅಂದಿ ನಿಜ, ಆದರೆ ಹೇಳುವಷ್ಟರಲ್ಲಿ ಎದ್ದು ಹೊಲಕ್ಕೆ ಹೋದಿ. ಅಂದಿನಿಂದ ನಾನು ತಂದ ಹಣ್ಣು ನೀನು ಮುಟ್ಟಲಿಲ್ಲ. ನಾನು ಕೊಟ್ಟ ನೀರನ್ನೂ ಮುಟ್ಟಲಿಲ್ಲ. ನನ್ನ ಬೆನ್ನಿಗೆ ಕಿವಿ ಹಚ್ಚಿ ಬೆಳೆಸಿದವನು ನೀನು. ಎಷ್ಟು ಅತ್ತೆ ಗೊತ್ತೇನು?

ಫರಕು ಏನು ಅಂತ ನೀನು ಕೇಳಿದ್ದಕ್ಕೆ ಈಗ ಹೇಳುತ್ತೇನೆ, ಎದ್ದು ಹೋಗಲು ನಿನಗೀಗ ಜಾಗವಿಲ್ಲ. ಇಲಿಯನ್ನು ಒಂದು ಪಾರದರ್ಶಕ ಪೆಟ್ಟಿಗೆಯೊಳಗೆ ಬಿಡುತ್ತೇವೆ. ಅದು ಉಸಿರಾಡಿದರೆ ಪೆಟ್ಟಿಗೆಯೊಳಗಿನ ಗಾಳಿ ಒಂದಿಷ್ಟು ಹೆಚ್ಚುಕಡಿಮೆಯಾಗುತ್ತದೆ, ಯಂತ್ರ ಅದನ್ನು ಗೆರೆ ಮಾಡಿ ತೋರಿಸುತ್ತದೆ. ನಾಯಿಗಳಿಗೆ ಮೈಯೊಳಗೆ ಸಣ್ಣದೊಂದು ಯಂತ್ರ ಕೂರಿಸಿರುತ್ತಾರೆ. ಅವು ತಮ್ಮ ಪಾಡಿಗೆ ಓಡಾಡಿಕೊಂಡಿರುವಾಗ ಎದೆಯ ಬಡಿತ, ರಕ್ತದ ಒತ್ತಡ ಎರಡೂ ನನ್ನ ಮುಂದಿನ ಪರದೆಗೆ ಬರುತ್ತವೆ. ಮೊದಲು ಔಷಧವಿಲ್ಲದೆ ನೋಡುತ್ತೇವೆ. ಆಮೇಲೆ ಸ್ವಲ್ಪ ಕೊಟ್ಟು, ಇನ್ನಷ್ಟು ಕೊಟ್ಟು ನೋಡುತ್ತೇವೆ. ಪ್ರತಿಯೊಂದಕ್ಕೂ ಮೇಲಿನವರ ಒಪ್ಪಿಗೆ ಬೇಕು, ಪ್ರಾಣಿಗಳ ಡಾಕ್ಟರು ಅಲ್ಲೇ ಇರುತ್ತಾರೆ. ಇದೆಲ್ಲ ಹೇಳಿದರೆ ನೀನು ಒಪ್ಪುತ್ತಿದ್ದಿಯೇನು? ಒಪ್ಪುತ್ತಿರಲಿಲ್ಲ, ಗೊತ್ತು. ಒಂದು ಮಧ್ಯಾಹ್ನ ಒಂದು ನಾಯಿಯ ಗೆರೆ ಬದಲಾಗುತ್ತ ಹೋಯಿತು. ಒಂದು ಬಡಿತವಾದ ಮೇಲೆ ಹೃದಯ ಸುಧಾರಿಸಿಕೊಳ್ಳುವ ಹೊತ್ತು ಉದ್ದವಾಗುತ್ತ, ಆಗುತ್ತ, ಒಮ್ಮೆಲೇ ಗೆರೆಯೆಲ್ಲ ಚೆಲ್ಲಾಪಿಲ್ಲಿ. ಡಾಕ್ಟರು ಓಡಿ ಬಂದರು. ಉಳಿಯಲಿಲ್ಲ. ಆ ಔಷಧವನ್ನು ಅಲ್ಲಿಗೇ ನಿಲ್ಲಿಸಿದರು, ಯಾವ ಮನುಷ್ಯನ ಬಾಯಿಗೂ ಅದು ಹೋಗಲಿಲ್ಲ. ಅದರಿಂದ ಯಾರ ಜೀವ ಉಳಿಯಿತು ಅಂತ ಕೇಳಿದರೆ ನಾನು ಯಾರನ್ನು ತೋರಿಸಲಿ? ಜೀವ ಉಳಿದವರಿಗೇ ಅದು ಗೊತ್ತಿಲ್ಲ. ಆ ದಿನ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕುಳಿತು ಬಂದೆ. ಆ ನಾಯಿಗಳಿಗೆ ನಾನು ಹೆಸರಿಡುವುದಿಲ್ಲ. ನನ್ನ ಜೊತೆ ಕೆಲಸ ಮಾಡುವವರು ಇಡುತ್ತಾರೆ, ಕರೆದು ಆಡಿಸುತ್ತಾರೆ. ನನ್ನ ಕೈಯಲ್ಲಿ ಆಗುವುದಿಲ್ಲ.

ನಿನಗೆ ಎದೆನೋವು ಬಂದು ಹಾವೇರಿಯಲ್ಲಿ ಮಲಗಿಸಿದಾಗ ನಾನು ರಜೆ ಹಾಕಿ ಬಂದು ಕಾಲ ಹತ್ತಿರ ಕುಳಿತಿದ್ದೆ. ಮನೆಗೆ ಬಂದ ಮೇಲೆ ಗುಳಿಗೆಯ ಪಾಕೀಟನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಿ. ಎಷ್ಟೋ ದಿನದ ಮೇಲೆ ನನ್ನ ಜೊತೆ ಮಾತಾಡಿದಿ.

“ಇದನ್ನೂ ಮೊದಲ ನಾಯಿಗಿ ಕೊಟ್ಟು ನೋಡಿರ್ತೀರೇನು?”

ಹೌದು ಕಾಕಾ, ನಾಯಿಗೂ ಕೊಟ್ಟಿರುತ್ತಾರೆ, ಇಲಿಗೂ ಕೊಟ್ಟಿರುತ್ತಾರೆ ಅಂದೆ. ನಿನ್ನ ಹತ್ತಿರ ಸುಳ್ಳು ಹೇಳಿ ನನಗೆ ರೂಢಿಯಿರಲಿಲ್ಲ. ನೀನು ತಲೆಯಾಡಿಸಿ, ಪಾಕೀಟು ಜೇಬಿಗೆ ಹಾಕಿಕೊಂಡಿ. ನಾನು ನಿಶ್ಚಿಂತೆಯಿಂದ ಕೆಲಸಕ್ಕೆ ಹೋದೆ. ಫೋನಿನಲ್ಲಿ ಕೇಳಿದಾಗಲೆಲ್ಲ ಕಾಕಿ, ತಗೊಳ್ಳಾಕತ್ತಾರ ಅನ್ನುತ್ತಿದ್ದಳು. ನೀನು ಹೇಳಿಕೊಟ್ಟ ಮಾತು ಅದು. ಗುಳಿಗೆಯನ್ನೆಲ್ಲ ಗಟಾರಕ್ಕೆ ಚೆಲ್ಲುತ್ತಿದ್ದಿ ಅಂತ ನನಗೆ ತಿಳಿದದ್ದು ನಿನ್ನನ್ನು ಮಣ್ಣು ಮಾಡಿ ಬಂದ ಮೇಲೆ. ಕೊನೆಯ ದಿನ ಅವಳ ಕೈ ಹಿಡಿದು, ನಾನು ಮುಟ್ಟಲಿಲ್ಲ, ನೀನೂ ಎಂದೂ ಇದನ್ನು ಮುಟ್ಟಬೇಡ, ನನ್ನ ಆಣೆ ಅಂದಿಯಂತೆ. ಯಾಕಪ್ಪಾ? ನಿನ್ನ ಜೀವ ನಿನ್ನದು, ಹಟ ಮಾಡಿದಿ, ಹೋದಿ. ಅವಳನ್ನು ಯಾಕೆ ಕಟ್ಟಿಹಾಕಿದಿ?

ಮೊನ್ನೆ ಕಾಕಿಯನ್ನು ಕೂರಿಸಿಕೊಂಡು ಎಲ್ಲ ರೀತಿಯಿಂದಲೂ ಹೇಳಿ ನೋಡಿದೆ. ಬೇಡಿಕೊಂಡೆ. ಬೈದೆ. ನಿನ್ನ ಮೇಲೆ ಇಲ್ಲದ್ದೆಲ್ಲ ಆಡಿದೆ. ಅವ್ವನೂ ಬ್ಯಾಡಗಿಯಿಂದ ಬಂದು ಹೇಳಿಹೋದಳು. ಕಾಕಿ ಸೆರಗಿನ ಚುಂಗು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತಿದ್ದಳು. ಕಡೆಗೆ ಅಂದದ್ದು ಒಂದೇ ಮಾತು: “ಕೊಟ್ಟ ಮಾತು ಮುರದು ಅವರ ಮುಂದ ಹೆಂಗ ಹೋಗಿ ನಿಂದರ್ಲಿ?” ಅವಳಿಗೆ ಹೆದರಿಕೆ ಸಾವಿನದ್ದಲ್ಲ, ನಿನ್ನದು. ಸತ್ತ ಮೇಲೆ ನೀನು ಮುಖ ತಿರುಗಿಸಿ ಕುಳಿತರೆ ಅಂತ. ನನ್ನ ಕಡೆ ಬೆನ್ನು ಮಾಡಿ ಕುಳಿತದ್ದನ್ನು ನೋಡಿದವಳಲ್ಲವೇ ಅವಳು. ಕಾಕಾ, ಕನಸಿನಲ್ಲಾದರೂ ಬಂದು ಹೇಳು. ನನಗೆ ಬೇಡ, ಅವಳಿಗೆ ಹೇಳು. ಬಿಟ್ಟೆ ಅನ್ನು. ಅಷ್ಟು ಸಾಕು. ಅಷ್ಟೂ ಆಗುವುದಿಲ್ಲ ಅಂದರೆ ನೀನು…

ಅಲ್ಲಿಗೇ ಪೆನ್ನು ಬಿಸಾಕಿ ಎದ್ದಿದ್ದೆ. ಈಗ ಮತ್ತೆ ಕುಳಿತಿದ್ದೇನೆ. ಹಿರಿಯರ ಹಬ್ಬ ಮುಗಿದು ಕೆಲವು ವಾರಗಳಾದವು.

ಹಬ್ಬದ ಬೆಳಿಗ್ಗೆ ಅಡುಗೆಮನೆಯಲ್ಲಿ ನಾನೂ ಕಾಕಿಯೂ ಹೋಳಿಗೆ ಮಾಡುತ್ತಿದ್ದೆವು. ಅವಳು ಕುಳಿತಲ್ಲೇ ಹೂರಣ ರುಬ್ಬಿ ಕೊಟ್ಟಳು. ನೀನು ಕನಸಿನಲ್ಲಿ ಬರಲಿಲ್ಲ, ಇನ್ನು ನಿನ್ನನ್ನು ನಂಬಿ ಕುಳಿತರೆ ಆಗುವುದಿಲ್ಲ ಅಂತ ನಾನೇ ಒಂದು ಉಪಾಯ ಮಾಡಿದ್ದೆ. ಗುಳಿಗೆಯನ್ನು ಪುಡಿ ಮಾಡಿ ಸೆರಗಿನಲ್ಲಿ ಕಟ್ಟಿಕೊಂಡಿದ್ದೆ. ಅವಳು ಆ ಕಡೆ ತಿರುಗಿದಾಗ ಒಂದು ಹೂರಣದ ಉಂಡೆಯಲ್ಲಿ ಹಾಕಿ ಮುಚ್ಚಿದೆ. ಈ ಒಂದು ಹೋಳಿಗೆ ಬೇರೆ ಇಟ್ಟು ಅವಳಿಗೇ ಬಡಿಸುವುದು, ನಾಳೆಯಿಂದ ಇನ್ನೊಂದರಲ್ಲಿ ಅಂತ ಲೆಕ್ಕ ಹಾಕಿದ್ದೆ. ಕಾಕಿಗೆ ಉಸಿರು ಸೋತಿರಬಹುದು, ಕಣ್ಣು ಸೋತಿಲ್ಲ. ನನ್ನ ಮುಂಗೈ ಹಿಡಿದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಉಂಡೆಯನ್ನು ನನ್ನ ಕೈಯಿಂದ ಬಿಡಿಸಿಕೊಂಡಳು.

“ಮುಚ್ಚಿ ಕೊಡಬ್ಯಾಡ ಯವ್ವಾ. ಹಿಂಗ ಬೆಲ್ಲದಾಗ ಮುಚ್ಚಿ ಕೊಟ್ಟದ್ದಕ್ಕ ಮಲ್ಲ ಹೋದ.”

ನನಗೆ ಮೊದಲು ತಿಳಿಯಲೇ ಇಲ್ಲ. ಅವಳು ಒಲೆಯ ಉರಿ ಸಣ್ಣ ಮಾಡಿ, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು. ಸೂಜಿ ಯಾರೂ ಹಾಕಿರಲಿಲ್ಲ. ಮಲ್ಲ ಕೆಮ್ಮುತ್ತಿದ್ದ, ಓಡಲು ದಮ್ಮು ಸಾಲುವುದಿಲ್ಲ ಅಂತ ನಿನಗೆ ಚಿಂತೆ ಹತ್ತಿತ್ತು. ಮಾಡದಲ್ಲಿ ನನ್ನ ದಮ್ಮಿನ ಗುಳಿಗೆ ಇತ್ತು. “ಗಂಗೂನ ಎದಿ ತೆರೀತೈತಿ, ಇವಂದೂ ತೆರೀತೈತಿ ಅಂದ್ರು ನಿಮ್ಮ ಕಾಕಾ. ದೊಡ್ಡ ಮೈ ಐತಿ, ಒಂದ ಎಲ್ಲಿ ಸಾಲ್ತೈತಿ ಅಂತ ಇದ್ದದ್ದನ್ನೆಲ್ಲಾ ಹಾಕಿದ್ರು. ಬೆಲ್ಲ ಕುಟ್ಟಿ ಕೊಟ್ಟಾಕಿ ನಾನ.” ಹಗೆಯವರ ಮಾತು ಊರೇ ಕಟ್ಟಿತು. ನೀನು ಅದನ್ನು ಅಲ್ಲ ಅನ್ನಲಾರದೆ, ಹೌದೆನ್ನಲಾರದೆ ಇಷ್ಟು ವರ್ಷ ತೆಗೆದಿ. ನಾನು ಏನಾಯಿತು ಅಂತ ಕೇಳಿದ್ದೇ ನಿನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತಂತೆ. ಗುಳಿಗೆ ಚೆಲ್ಲುವಾಗ ಕಾಕಿ ಕಾಲು ಹಿಡಿದಳಂತೆ, ಬೇಡ ಅಂತ. ಆಗ ನೀನು ಅಂದ ಮಾತನ್ನೂ ಹೇಳಿದಳು: “ಗುಳಿಗಿ ಕೊಟ್ಟು ಒಂದು ಜೀವ ಕೊಂದಾಂವ, ಇನ್ನೊಂದು ಜೀವ ಸತ್ತು ಬಂದ ಗುಳಿಗಿ ನುಂಗಿ ಬದುಕಲೇನು?”

ಹೋಳಿಗೆಯ ಹಿಟ್ಟು ಕೈಗೆ ಅಂಟಿಕೊಂಡಂತೆಯೇ ಕುಳಿತೆ ಕಾಕಾ. ಇಷ್ಟು ದಿನ ನಿನ್ನ ಸಿಟ್ಟು ನನ್ನ ಮೇಲೆ ಅಂದುಕೊಂಡಿದ್ದೆ. ಫರಕು ಏನು ಹೇಳು ಅಂದದ್ದು ನನ್ನನ್ನಲ್ಲ, ನಿನ್ನನ್ನು ನೀನೇ ಕೇಳಿಕೊಂಡದ್ದು. ಒಂದು ಸಲ, ಒಂದೇ ಒಂದು ಸಲ ನನಗೆ ಹೇಳಬಾರದಿತ್ತೇ? ಇದು ನನ್ನ ವಿದ್ಯೆ ಕಾಕಾ. ಬೇರೆ ಏನೂ ನನಗೆ ಬರುವುದಿಲ್ಲ, ಇದು ಬರುತ್ತದೆ. ದಮ್ಮಿನ ಗುಳಿಗೆ ಎದೆ ತೆರೆಯುತ್ತದೆ, ಹಾಗೇ ಹೃದಯವನ್ನೂ ಓಡಿಸುತ್ತದೆ, ನಿಜ. ನೀನು ಹಾಕಿದ್ದು ಹೆಚ್ಚಾಗಿತ್ತು, ಅದೂ ನಿಜ. ಆದರೆ ಮಲ್ಲನಿಗೆ ಮೊದಲೇ ಪುಪ್ಪುಸದಲ್ಲಿ ಏನೋ ಆಗಿತ್ತು. ಅಂಥ ಎದೆ ಹೊತ್ತು, ಬಿಸಿಲಲ್ಲಿ, ಜನದ ಕೂಗಾಟದ ನಡುವೆ ಜೀವದ ಹಂಗು ಬಿಟ್ಟು ಓಡಿದ. ಗುಳಿಗೆ ಇಲ್ಲದಿದ್ದರೂ ಬೀಳುತ್ತಿದ್ದನೇನೋ. ಗುಳಿಗೆಯಿಂದಲೇ ಬಿದ್ದನೇನೋ. ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಒಂದು ಪ್ರಾಣಿಗೆ ಒಂದು ದಿನ ಆದದ್ದನ್ನು ನೋಡಿ ನಾವು ಯಾವ ಔಷಧದ ಮೇಲೂ ತಪ್ಪು ಹೊರಿಸುವುದಿಲ್ಲ. ನೀನು ನಿನ್ನ ಮೇಲೆ ಹೊರಿಸಿಕೊಂಡಿ, ಶಿಕ್ಷೆಯನ್ನೂ ನೀನೇ ಹಾಕಿಕೊಂಡಿ, ಅದರಲ್ಲಿ ಅರ್ಧ ಕಾಕಿಗೂ ಕೊಟ್ಟಿ. ಬೆಲ್ಲ ಕುಟ್ಟಿದವಳು ಅಂತ ಅವಳೂ ಸುಮ್ಮನೆ ತೆಗೆದುಕೊಂಡಳು.

ಇದನ್ನೆಲ್ಲ ಕಾಕಿಗೆ ಹೇಳಿದೆ. ಎಷ್ಟು ತಿಳಿಯಿತೋ ಗೊತ್ತಿಲ್ಲ. ಎಲ್ಲ ಕೇಳಿಸಿಕೊಂಡು, ಹೋಳಿಗೆ ಸೀದೀತು ನೋಡು ಅಂದಳು. ನಾನು ಕಣ್ಣೊರೆಸಿಕೊಂಡು ಹೋಳಿಗೆ ತಿರುವಿದೆ. ಔಷಧ ಹಾಕಿದ ಉಂಡೆಯನ್ನು ಹಿತ್ತಲಿನಲ್ಲಿ ಹೂಳಿ ಬಂದೆ.

ಮಧ್ಯಾಹ್ನ ನಿನಗೆ ಎಡೆ ಹಿಡಿದೆವು. ಹೊಸ ಧೋತರ, ರುಮಾಲು, ಬೀಡಿ ಕಟ್ಟು. ಬಾಳೆ ಎಲೆಗೆ ಹೋಳಿಗೆ, ತುಪ್ಪ, ಬದನೆಕಾಯಿ ಪಲ್ಯ, ಅನ್ನ, ಸಾರು. ಎಲ್ಲ ಬಡಿಸಿ ಮುಗಿದ ಮೇಲೆ ಕಾಕಿ ಗೋಡೆ ಹಿಡಿದು ಎದ್ದು ಮಾಡದ ಹತ್ತಿರ ಹೋದಳು. ಪಾಕೀಟು ತೆಗೆದು, ಒಂದು ಗುಳಿಗೆ ಒಡೆದು, ನಿನ್ನ ಎಲೆಯ ತುದಿಗೆ ಉಪ್ಪಿನ ಪಕ್ಕ ಇಟ್ಟಳು. ನಾನು ಅವಳ ಮುಖವನ್ನೇ ನೋಡಿದೆ. ಅವಳು ನಿನ್ನ ಫೋಟೋ ನೋಡುತ್ತಿದ್ದಳು.

“ಮುಚ್ಚಿಲ್ಲ, ಕಾಣೂಹಂಗ ಇಟ್ಟೇನಿ. ಮೊದಲ ನೀವು ತಗೋರಿ. ನೀವು ತಗೊಂಡ್ರ ನಾನೂ ತಗೋತೇನಿ.”

ಆಮೇಲೆ ಬಾಗಿಲು ಎಳೆದುಕೊಂಡು ನಾವಿಬ್ಬರೂ ಹೊರಗೆ ಕಟ್ಟೆಯ ಮೇಲೆ ಕುಳಿತೆವು, ನೀನು ಉಣ್ಣಲಿ ಅಂತ. ಇದೆಲ್ಲ ನಂಬುವವಳಲ್ಲ ನಾನು, ನಿನಗೆ ಗೊತ್ತು. ದಿನಾ ಗೆರೆ ನೋಡುವವಳು. ಆದರೂ ಆ ದಿನ ಬಾಗಿಲ ಕಡೆಯೇ ಕಿವಿಯಿಟ್ಟು ಕುಳಿತಿದ್ದೆ. ಕಾಕಿಯ ಉಸಿರು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಅದು ಎಷ್ಟು ಕಷ್ಟದಿಂದ ಬರುತ್ತಿತ್ತು ಅಂತ ಆಗಲೇ ಸರಿಯಾಗಿ ಕೇಳಿಸಿತು. ಬಾಗಿಲು ತೆಗೆದಾಗ ಎಲೆ ಬಡಿಸಿದ ಹಾಗೇ ಇತ್ತು. ತುಪ್ಪ ಹರಿದು ಗುಳಿಗೆಯ ಒಂದು ಬದಿ ಮೆತ್ತಗಾಗಿತ್ತು, ಅಷ್ಟೇ. ಕಾಕಿ ಕುಳಿತು ಅದನ್ನೇ ನೋಡಿದಳು. ಕಡೆಗೆ ಅವಳು ಅದನ್ನು ಎರಡು ಬೆರಳಿನಿಂದ ಎತ್ತಿ, ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ನಿನಗಿಟ್ಟ ತಂಬಿಗೆಯ ನೀರನ್ನೇ ಕುಡಿದಳು. “ಉಂಡು ಬಿಟ್ಟಾರ. ಇನ್ನ ಆಣಿ ಇಲ್ಲ” ಅಂದಳು. ನಾನು ಅಲ್ಲೇ ಗೋಡೆಗೊರಗಿ ಅತ್ತೆ.

ಈಗ ದಿನಾ ಬೆಳಿಗ್ಗೆ ಹಾಗೇ ನಡೆದಿದೆ. ಗುಳಿಗೆಯನ್ನು ಮೊದಲು ನಿನ್ನ ಫೋಟೋದ ಮುಂದೆ ಇಡುತ್ತಾಳೆ. ದೀಪ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ತಾನು ನುಂಗುತ್ತಾಳೆ. ಬದುಕಿದ್ದಾಗ ಒಂದನ್ನೂ ನುಂಗದವನು ಈಗ ಒಂದು ದಿನವೂ ತಪ್ಪಿಸುತ್ತಿಲ್ಲ ನೋಡು. ನಾನು ಕೆಲಸ ಬಿಟ್ಟಿಲ್ಲ. ಬಿಡುತ್ತೇನೆ ಅಂತ ನಿನಗೆ ಸುಳ್ಳು ಬರೆಯುವುದಿಲ್ಲ.

ಇನ್ನೊಂದು ಮಾತು ಉಳಿದಿದೆ, ಕಾಕಿಗೆ ಹೇಳಿಲ್ಲ. ನಿನ್ನೆ ಹಾವೇರಿಯ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು, ಗುಳಿಗೆ ಶುರು ಮಾಡಿದ್ದು ಬಹಳ ತಡವಾಯಿತು ಅಂದರು. ಕಾಲಿನ ಬಾವು ಇಳಿದಿಲ್ಲ. ಈ ಚಳಿಗಾಲ ದಾಟಿದರೆ ದೊಡ್ಡದು ಅನ್ನುವ ಹಾಗೆ ಮಾತಾಡಿದರು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಕಾಕಿ, ಏನಂದ್ರವ್ವಾ ಅಂತ ಕೇಳಿದಳು. ಆರಾಮಾಗ್ತೀ ಅಂತ ಅಂದ್ರು ಅಂದೆ. ಅವಳು ನಂಬಿದಳೋ ಇಲ್ಲವೋ, ನನ್ನ ಕೈ ಹಿಡಿದುಕೊಂಡು ಬಸ್ ನಿಲ್ದಾಣದವರೆಗೆ ನಡೆದಳು. ಕಾಕಾ, ಅವಳು ನಿನ್ನ ಹತ್ತಿರ ಬಂದಾಗ ಮುಖ ತಿರುಗಿಸಿ ಕೂರಬೇಡ. ಆಣೆ ಮುರಿದಿ ಅನ್ನಬೇಡ. ಅವಳು ಮುರಿದಿಲ್ಲ. ನೀನು ತೆಗೆದುಕೊಂಡ ಮೇಲೆಯೇ ಅವಳು ತೆಗೆದುಕೊಂಡದ್ದು.

ನಿನ್ನ
ಗಂಗು